ಕಾರಿನ ತಲೆಗೆ ಕಟ್ಟಿದ ಸಾವು

ಸವಳಂಗ ರಸ್ತೆಯಲ್ಲಿ ನನ್ನ ದೊಡ್ಡಪ್ಪನ ಮಗ ವಿಜಯ ಹೊಸದಾಗಿ ಹೋಟೆಲು ತೆರೆದಿದ್ದಾನೆ. ಹೆಸರು ‘ಅಜ್ಜನ ಕಾರು’. ಒಳಗೆ ಕಾಲಿಟ್ಟರೆ ಎದುರಿಗೇ ಒಂದು ಹಳೇ ಕಾರಿನ ಹಿಂಭಾಗ. ಸರಿಯಾಗಿ ನಡುವಿಗೆ ಕತ್ತರಿಸಿ, ಅಂಚಿಗೆ ಸ್ಟೀಲ್ ಪಟ್ಟಿ ಹೊಡೆದು, ಕೆಂಪು ಮೆತ್ತೆ ಹೊದಿಸಿ ಸೋಫಾ ಮಾಡಿದ್ದಾರೆ. ಬಂದವರು ಅದರಲ್ಲಿ ಕೂತು ಸೆಲ್ಫಿ ತೆಗೆದುಕೊಂಡ ಮೇಲೆಯೇ ದೋಸೆಗೆ ಹೇಳುವುದು. ದಾವಣಗೆರೆ ಕಡೆಯ ಯಾರದೋ ಶೆಡ್ಡಿನಲ್ಲಿ ನಿಂತಿತ್ತಂತೆ. ಹೋಟೆಲು ಆರಂಭವಾದ ದಿನ, ಇದು ಓಡುತ್ತಿತ್ತೇನೋ ಎಂದು ವಿಜಯನನ್ನು ಕೇಳಿದೆ.

“ಓಡ್ತಿತ್ತು ಅಕ್ಕ. ಎಂಜಿನ್ ಫಸ್ಟ್‌ಕ್ಲಾಸ್ ಇತ್ತು. ಈ ಮಾಡೆಲ್ ಈಗ ಎಲ್ಲೂ ಸಿಗಲ್ವಂತೆ. ಆದ್ರೆ ಎಂಜಿನ್ ಇಟ್ಕೊಂಡು ನಾನೇನ್ ಮಾಡ್ಲಿ? ನಮಗೆ ಬೇಕಾಗಿದ್ದು ಸೀಟು.”

ಎಷ್ಟು ಹೆಮ್ಮೆಯಿಂದ ಹೇಳಿದನೆಂದರೆ, ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅರವತ್ತು ದಾಟಿದ ಹೆಂಗಸು ನಾನು, ಹಾಗೆಲ್ಲ ಮಾಡುವಂತಿಲ್ಲ. ಸೋಫಾದ ಹಿಂದಿನ ಗೋಡೆಯ ಮೇಲೆ ನಮ್ಮ ಅಜ್ಜನ ಫೋಟೋ ದೊಡ್ಡದಾಗಿ ತೂಗುತ್ತಿತ್ತು. ಬಿಳಿ ಪಂಚೆ, ಕರಿ ಕೋಟು, ಹಣೆಗೆ ವಿಭೂತಿ, ಒಂದು ಕೈ ನಮ್ಮ ಕಾರಿನ ಬಾನೆಟ್ಟಿನ ಮೇಲೆ. ಕೆಳಗೆ ಬಂಗಾರದ ಅಕ್ಷರದಲ್ಲಿ ‘ನಮ್ಮ ಪರಂಪರೆ’. ಆ ಫೋಟೋ ನನಗೆ ಗೊತ್ತು. ಅದರಲ್ಲಿ ಸ್ಟಿಯರಿಂಗ್ ಹಿಡಿದು ನಮ್ಮವ್ವ ಕೂತಿದ್ದಳು. ಚೌಕಟ್ಟಿಗೆ ಹಿಡಿಯಲಿಲ್ಲವೆಂದು ಅವಳಿದ್ದ ಭಾಗವನ್ನು ಕತ್ತರಿಸಿದ್ದಾರೆ. ಈ ಮನೆತನಕ್ಕೆ ಕತ್ತರಿಸುವುದು ಹೊಸದಲ್ಲ. ನಾನು ಆ ಸೋಫಾದಲ್ಲಿ ಕೂರಲಿಲ್ಲ.

ನಾನು ಹುಟ್ಟಿ ಬೆಳೆದ ಮನೆ ಕೋಟೆ ಬೀದಿಯಲ್ಲಿತ್ತು, ಈಗಲೂ ಇದೆ. ಬೀದಿಗೆ ಮುಖ ಮಾಡಿ ಕಬ್ಬಿಣದ ಸಾಮಾನಿನ ಅಂಗಡಿ. ಮೊಳೆ, ಸರಪಳಿ, ಬಕೆಟ್ಟು, ಗುದ್ದಲಿ, ಬಾವಿಯ ರಾಟೆ. ಅಂಗಡಿಯ ಬೆನ್ನಿಗೇ ಪಡಸಾಲೆ, ಅದರ ಬಲಕ್ಕೆ ದೇವರಮನೆ, ಎಡಕ್ಕೆ ಅಡುಗೆಮನೆ, ಹಿಂದೆ ಹಿತ್ತಲು. ಅಂಗಡಿಗೂ ಮನೆಗೂ ಇದ್ದದ್ದು ಒಂದೇ ಸೂರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅಲ್ಲಿ ಅಜ್ಜ, ಅಜ್ಜಿ, ದೊಡ್ಡಪ್ಪ, ದೊಡ್ಡವ್ವ, ಅಪ್ಪ, ಅವ್ವ, ನಾನು ಇದ್ದೆವು. ವಿಜಯ ಇನ್ನೂ ಹುಟ್ಟಿರಲಿಲ್ಲ. ಗಂಡಸರು ಮೊದಲು ಉಣ್ಣುತ್ತಿದ್ದರು. ಮನೆಯ ಜಗಳಗಳೆಲ್ಲ ಬಿಸಿ ರೊಟ್ಟಿ ತಟ್ಟೆಗೆ ಬೀಳುವ ಹೊತ್ತಿಗೇ ಶುರುವಾಗಿ, ಮಜ್ಜಿಗೆ ಅನ್ನದ ಹೊತ್ತಿಗೆ ಯಾರಾದರೊಬ್ಬರು ಕೈತೊಳೆದು ಎದ್ದುಹೋಗುವುದರಲ್ಲಿ ಮುಗಿಯುತ್ತಿದ್ದವು. ಆಮೇಲೆ ಹೆಂಗಸರು ಆ ಜಗಳದ ಉಳಿಕೆಯನ್ನೂ ಉಳಿದ ಪಲ್ಯವನ್ನೂ ಹಂಚಿಕೊಂಡು ಉಣ್ಣುತ್ತಿದ್ದರು. ನನಗೆ ಇವತ್ತಿಗೂ ನಾಲ್ಕು ಜನರ ಜೊತೆ ನೆಮ್ಮದಿಯಾಗಿ ಕೂತು ಉಣ್ಣಲು ಬರುವುದಿಲ್ಲ.

ಹಿತ್ತಲಿನಲ್ಲಿದ್ದ ಕೊಟ್ಟಿಗೆ ನನಗೆ ಬುದ್ಧಿ ಬರುವ ಹೊತ್ತಿಗೆ ಕಾರಿನ ಮನೆಯಾಗಿತ್ತು. ಭದ್ರಾವತಿಯ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಎಂಜಿನಿಯರೊಬ್ಬರು ಊರು ಬಿಡುವಾಗ ಅದನ್ನು ಅಜ್ಜನಿಗೆ ಮಾರಿದ್ದರು. ವಿಲಾಯತಿ ಕಾರು. ಮರದ ಚೌಕಟ್ಟಿನ ಮೇಲೆ ತಗಡು ಹೊದಿಸಿದ ಮೈ, ಮಡಚುವ ಬಟ್ಟೆಯ ಚಾವಣಿ, ತಂತಿಯ ಚಕ್ರ, ಹತ್ತಲು ಎರಡೂ ಬದಿ ಉದ್ದ ಹಲಗೆ. ಕೆನೆಯ ಬಣ್ಣ. ಅಜ್ಜಿಗೆ ಅದನ್ನು ಕಂಡರಾಗುತ್ತಿರಲಿಲ್ಲ.

“ಹಾಲು ಕೊಡೋ ಎರಡು ಹಸು ಮಾರಿ, ಎಣ್ಣೆ ಕುಡಿಯೋ ಎಮ್ಮೆ ತಂದು ಕಟ್ಟಿದ್ರು,” ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಮೈಸೂರಿನಿಂದ ಒಬ್ಬರು ಅದನ್ನು ನೋಡಲೆಂದೇ ಬಂದಿದ್ದರು. ಹಳೇ ಕಾರುಗಳ ಹುಚ್ಚಿನ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲೇ ನೆಲದ ಮೇಲೆ ಅಂಗಾತ ಮಲಗಿ ಕಾರಿನ ಕೆಳಗೆ ತೂರಿ, ಟಾರ್ಚು ಹಿಡಿದು ಬಹಳ ಹೊತ್ತು ಅಲ್ಲೇ ಇದ್ದರು. ಹೊರಗೆ ಬಂದಾಗ ಬೆನ್ನೆಲ್ಲ ಸಗಣಿ ಮಣ್ಣು. ಇಂಥ ಕಾರನ್ನು ಪುಸ್ತಕದಲ್ಲಿ ನೋಡಿದ್ದೇನೆಯೇ ಹೊರತು ಕಣ್ಣಾರೆ ಇದೇ ಮೊದಲು, ಯಾವತ್ತಾದರೂ ಕೊಡುವುದಾದರೆ ನನಗೇ ಕೊಡಿ ಎಂದು ಅಜ್ಜನ ಎರಡೂ ಕೈ ಹಿಡಿದುಕೊಂಡರು. ಗೋಡೆಯ ಮೇಲಿನ ಆ ಫೋಟೋ ತೆಗೆದವರು ಅವರೇ. ಆಯುಧಪೂಜೆಯ ದಿನ ಅಜ್ಜ ಅಂಗಡಿಯ ತಕ್ಕಡಿಗಿಂತ ಮೊದಲು ಕಾರಿನ ಹಣೆಗೆ ವಿಭೂತಿ ಬಳಿಯುತ್ತಿದ್ದರು. ಅದಕ್ಕೂ ಒಂದು ಜಗಳವಾಗುತ್ತಿತ್ತು.

ಆ ಕಾರಿನ ಗೇರು ಬದಲಿಸುವುದು ಈಗಿನಂತಲ್ಲ. ಕ್ಲಚ್ಚನ್ನು ಒಮ್ಮೆ ಒತ್ತಿ ಬಿಟ್ಟು ಮತ್ತೊಮ್ಮೆ ಒತ್ತಬೇಕು. ಎರಡರ ನಡುವೆ ಎಂಜಿನ್ನಿನ ಸದ್ದನ್ನು ಕಿವಿಗೊಟ್ಟು ಕೇಳಬೇಕು. ದೊಡ್ಡಪ್ಪನಿಗೆ ಯಾವುದನ್ನೂ ಕೇಳುವ ತಾಳ್ಮೆಯಿರಲಿಲ್ಲ. ಒಂದೇ ಸಲಕ್ಕೆ ಅದುಮಿ ಎಳೆಯುತ್ತಿದ್ದ, ಗೇರು ಹಲ್ಲು ಕಡಿಯುವುದು ಬೀದಿಗೆಲ್ಲ ಕೇಳುತ್ತಿತ್ತು. ಒಂದು ದಿನ ಮಾರ್ಕೆಟ್ಟಿನ ನಡುವೆ ಗೇರಿನ ಹಲ್ಲು ಮುರಿದುಕೊಂಡು, ಎತ್ತು ಕಟ್ಟಿ ಎಳೆಸಿಕೊಂಡು ಬಂದ. ಅಜ್ಜ ಕೀಲಿಕೈ ಕಿತ್ತುಕೊಂಡರು. ನನ್ನ ಅಪ್ಪ ಕಿರಿಯವನು, ಅವನಿಗೆ ಕಾರೆಂದರೆ ಹೆದರಿಕೆ. ಅಪ್ಪ ಒಳ್ಳೆಯವನು. ಒಳ್ಳೆಯವನಾಗಿರುವುದನ್ನೇ ಕಸುಬು ಮಾಡಿಕೊಂಡಿದ್ದ. ಅಷ್ಟರಲ್ಲಿ ಅಜ್ಜನ ಕಣ್ಣಿಗೆ ಪೊರೆ ಬಂತು, ಕಾರು ಹೊಡೆಯುವವರಿಲ್ಲದಂತಾಯಿತು. ಅಜ್ಜ ಮನೆಯವರನ್ನೆಲ್ಲ ಒಮ್ಮೆ ತೂಗಿ ನೋಡಿ, ಅವ್ವನನ್ನು ಆರಿಸಿದರು. ಮುಂಜಾನೆ ಜನ ಏಳುವ ಮೊದಲು ಹೊಳೆ ದಂಡೆಯ ಬಯಲಿಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂತು ಕಲಿಸಿದರು. ಹಿಂದಿನ ಸೀಟಿನಲ್ಲಿ ನಾನು.

“ಗಿರಿಜಾ, ಕಣ್ಣು ದಾರಿ ಮೇಲಿರ್ಲಿ, ಕಿವಿ ಎಂಜಿನ್ ಮೇಲೆ. ಅದೇ ಹೇಳುತ್ತೆ ಯಾವಾಗ ಅಂತ.”

ಅವ್ವನಿಗೆ ಅದು ಹೇಳಿತು. ಗೇರು ಬಿದ್ದದ್ದು ಗೊತ್ತೇ ಆಗದಂತೆ ಹೊಡೆಯುತ್ತಿದ್ದಳು. ಅಡುಗೆಮನೆಯಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದ ಹೆಂಗಸು ಸ್ಟಿಯರಿಂಗ್ ಹಿಡಿದರೆ ಬೆನ್ನು ನೆಟ್ಟಗಾಗುತ್ತಿತ್ತು, ಹಾಡು ಗುನುಗುತ್ತಿದ್ದಳು. ನನ್ನವ್ವ ಇಷ್ಟು ಚೆಲುವೆ ಎಂದು ನನಗೆ ತಿಳಿದದ್ದು ಆ ಹಿಂದಿನ ಸೀಟಿನಲ್ಲಿ. ದೊಡ್ಡಪ್ಪ ಇದನ್ನು ಸಹಿಸುವುದುಂಟೇ?

“ಇನ್ಮೇಲೆ ನಾವು ಬಳೆ ತೊಟ್ಕೊಂಡು ಒಲೆ ಮುಂದೆ ಕೂರ್ತೀವಿ ಬಿಡಿ,” ಎಂದ ಒಂದು ರಾತ್ರಿ ಊಟಕ್ಕೆ ಕೂತಾಗ.

ಅಜ್ಜ ರೊಟ್ಟಿ ಮುರಿಯುತ್ತ ತಲೆಯೆತ್ತಲಿಲ್ಲ. “ಕೂರು. ರೊಟ್ಟಿನಾದ್ರೂ ನೆಟ್ಟಗೆ ಬರುತ್ತೇನೋ ನೋಡಾಣ.”

ಅಡುಗೆಮನೆಯ ಬಾಗಿಲಲ್ಲಿ ದೊಡ್ಡವ್ವ ಕೂಡ ನಕ್ಕುಬಿಟ್ಟಳು. ಆ ನಗುವಿನ ಸಾಲ ತೀರಿಸಿದವಳು ಅವ್ವ.

ಅಜ್ಜ ಸತ್ತದ್ದು ಬೆಳಿಗ್ಗೆ, ಪೂಜೆಗೆ ಕೂತಲ್ಲೇ. ನಾನು ಹಿತ್ತಲಿನಿಂದ ಬಿಲ್ವಪತ್ರೆ ಕಿತ್ತುಕೊಂಡು ಬಟ್ಟಲಿನಲ್ಲಿ ತಂದಿದ್ದೆ. ಅವರು ಕೈ ಚಾಚಲಿಲ್ಲ. ಗೋಡೆಗೆ ಒರಗಿದ್ದರು, ಕಣ್ಣು ತೆರೆದಿತ್ತು, ಅಂಗೈಯ ಲಿಂಗ ಮಡಿಲಿಗೆ ಜಾರಿತ್ತು. ನಾನು ಅಜ್ಜಿಯನ್ನು ಕರೆದೆ. ಅಜ್ಜಿ ಬಂದು ಎದೆಯ ಮೇಲೆ ಕೈಯಿಟ್ಟಳು, ಮೂಗಿಗೆ ಬೆರಳು ಹಿಡಿದಳು, ಆಮೇಲೆ ತನ್ನ ಕೈಯಾರೆ ಅವರ ಎರಡೂ ಕಣ್ಣು ಮುಚ್ಚಿದಳು. ಅಳಲಿಲ್ಲ. ಲಿಂಗವನ್ನೆತ್ತಿ ವಸ್ತ್ರದಲ್ಲಿ ಸುತ್ತಿದಳು. ಅಷ್ಟರಲ್ಲಿ ಅಂಗಡಿಯಿಂದ ದೊಡ್ಡಪ್ಪ ಓಡಿಬಂದು, ಎತ್ತಿ, ಆಸ್ಪತ್ರೆಗೆ ಎತ್ತಿ ಎಂದು ಕೂಗಿದ. ಅಜ್ಜಿ ಬೇಡವೆನ್ನಲಿಲ್ಲ, ಇನ್ನೂ ಆಸೆಯಿತ್ತೋ ಏನೋ. ದೊಡ್ಡಪ್ಪ, ಅಪ್ಪ ಇಬ್ಬರೂ ಸೇರಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅಜ್ಜನ ಕಾಲು ನನ್ನ ತೊಡೆಯ ಮೇಲಿತ್ತು. ಅವ್ವ ಆವತ್ತು ಹೊಡೆದ ಹಾಗೆ ಅದಕ್ಕೆ ಮೊದಲು ಯಾವತ್ತೂ ಹೊಡೆದಿರಲಿಲ್ಲ. ಹಾರ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ, ಟಾಂಗಾಗಳು ಚರಂಡಿಗೆ ಇಳಿದವು. ಡಾಕ್ಟರು ಕಾರಿನ ಬಳಿಗೇ ಬಂದು ರೆಪ್ಪೆ ಎತ್ತಿ ನೋಡಿ, ಜೀವ ಹೋಗಿ ಎಷ್ಟೋ ಹೊತ್ತಾಗಿದೆ ಎಂದರು. ತಿರುಗಿಸಿಕೊಂಡು ಬಂದೆವು.

ಸಮಾಧಿ ಮುಗಿಸಿ ಬಂದ ಮೇಲೆ ಅಯ್ನೋರು ಪಡಸಾಲೆಯಲ್ಲಿ ಪಂಚಾಂಗ ಬಿಚ್ಚಿದರು. ನಕ್ಷತ್ರ ಕೆಟ್ಟದ್ದು. ಜೀವ ಹೋದ ಜಾಗವನ್ನು ಆರು ತಿಂಗಳು ಬಿಡಬೇಕು, ಬಾಗಿಲಿಗೆ ಮುಳ್ಳು ಕಟ್ಟಿ ಬೀಗ ಹಾಕಬೇಕು, ಆಮೇಲೆ ಶಾಂತಿ ಮಾಡಿಸಿ ಒಳಗೆ ಬರಬೇಕು. ನಮ್ಮ ದೊಡ್ಡಪ್ಪ ಶರಣರ ಜಯಂತಿಯ ಸಭೆಗಳಲ್ಲಿ ಶಾಲು ಹೊದ್ದು, ನಮ್ಮ ಧರ್ಮದಲ್ಲಿ ಸೂತಕವೆಂಬುದೇ ಇಲ್ಲ ಎಂದು ಗಂಟೆಗಟ್ಟಲೆ ಭಾಷಣ ಮಾಡುತ್ತಿದ್ದ ಮನುಷ್ಯ. ಅವನ ಮುಖದ ಬಣ್ಣ ಹೋಯಿತು. ಮನೆ ಬಿಟ್ಟರೆ ಅದೇ ಸೂರಿನ ಕೆಳಗಿನ ಅಂಗಡಿಯನ್ನೂ ಮುಚ್ಚಬೇಕು.

“ಯಜಮಾನ್ರು ಹೋಗಿದ್ದೆಲ್ಲಿ? ದೇವರಮನೇಲಾ?” ಎಂದು ಅಯ್ನೋರು ಕೇಳಿದರು.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡ.

“ಕಾರಲ್ಲಿ. ಆಸ್ಪತ್ರೆ ದಾರೀಲಿ. ಸ್ವಲ್ಪ ಬೇಗ ಹೊಡೆದಿದ್ರೆ ಉಳೀತಿದ್ರೋ ಏನೋ.”

ಅವ್ವ ಗೋಡೆ ಬದಿಗೆ ನಿಂತಿದ್ದಳು. ಅವಳು ದೊಡ್ಡಪ್ಪನನ್ನು ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ. ಅಜ್ಜಿಯನ್ನು ನೋಡಿದಳು. ಅಯ್ನೋರೂ ಅಜ್ಜಿಯ ಕಡೆಗೇ ತಿರುಗಿದರು. ಅಜ್ಜಿ ಮದುವೆಯಾಗಿ ಬಂದ ದಿನದಿಂದ ಒಂದು ರಾತ್ರಿಯೂ ಆ ಮನೆ ಬಿಟ್ಟು ಮಲಗಿದವಳಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

“ಕಾರಲ್ಲೇ.”

“ಇಲ್ಲ, ದೇವರಮನೇಲಿ. ಅಜ್ಜಿನೇ ಕಣ್ಣು ಮುಚ್ಚಿದ್ಲು,” ಎಂದೆ ನಾನು. ದೊಡ್ಡವ್ವ ನನ್ನ ತೋಳು ಹಿಡಿದು ಹಿತ್ತಲಿಗೆ ಎಳೆದೊಯ್ದು ಕೆನ್ನೆಗೆ ಹೊಡೆದಳು. ಅಷ್ಟು ಜೋರಾಗಿ ಅದಕ್ಕೆ ಮೊದಲು ನನ್ನನ್ನು ಯಾರೂ ಹೊಡೆದಿರಲಿಲ್ಲ. ದೊಡ್ಡವರು ದೇವರ ಎದುರು ಕೂತು ಸುಳ್ಳು ಹೇಳುತ್ತಾರೆ, ನಿಜ ಹೇಳಿದವರಿಗೆ ಹೊಡೆಯುತ್ತಾರೆ ಎನ್ನುವ ಪಾಠ ನನಗೆ ಒಂದೇ ಪೆಟ್ಟಿಗೆ ಬಂತು. ಮುಂದೆ ಯಾವ ಶಾಲೆಯಲ್ಲೂ ಅಷ್ಟು ಬೇಗ ಏನನ್ನೂ ಕಲಿಯಲಿಲ್ಲ.

ಹೀಗೆ ಮನೆ ಉಳಿಯಿತು, ಅಂಗಡಿ ಉಳಿಯಿತು, ಕಾರಿಗೆ ಮುಳ್ಳು ಬಿತ್ತು. ಕೊಟ್ಟಿಗೆಯ ಬಾಗಿಲಿಗೆ ಜಾಲಿಯ ಕಂಟಿ ಅಡ್ಡ ಕಟ್ಟಿ ಬೀಗ ಹಾಕಿದರು. ಮಳೆಗಾಲವಿಡೀ ಒಳಗೆ ಏನಾಗುತ್ತಿದೆಯೋ ನೋಡುವವರಿರಲಿಲ್ಲ. ಹಿತ್ತಲಿನಲ್ಲಿ ಪಾತ್ರೆ ತಿಕ್ಕುವಾಗ ಅವ್ವ ಬಾಗಿಲ ಸಂದಿಗೆ ಕಣ್ಣಿಡುತ್ತಿದ್ದಳು. ಬೀದಿಯ ಬಾಯಿಗೆ ಮಾತ್ರ ಬೀಗವಿರಲಿಲ್ಲ. ನೀರಿಗೆ ಬಂದ ಹೆಂಗಸರು ಅವಳೆದುರಿಗೇ ಕೇಳುತ್ತಿದ್ದರು.

“ಏನ್ ಮಾರಾಯ್ತಿ, ಅಷ್ಟು ನಿಧಾನ ಹೊಡೆದ್ಯಂತಲ್ಲ? ಗಂಡಸ್ರು ಯಾರಾದ್ರೂ ಕೂತಿದ್ರೆ ಮಾವ ಉಳೀತಿದ್ರೇನೋ.”

ಅವ್ವ ಅವರ ಕೊಡ ತುಂಬಿಸಿ ಕಳಿಸುತ್ತಿದ್ದಳು. ಆರು ತಿಂಗಳು ಕಳೆಯಲಿ, ಶಾಂತಿ ಆಗಲಿ, ಬಾಗಿಲು ತೆರೆದರೆ ಸಾಕು ಎಂದು ಕಾಯುತ್ತಿದ್ದಳು. ಶಾಂತಿಯೇನೋ ಆಯಿತು, ಮುಳ್ಳು ತೆಗೆದರು. ಬಟ್ಟೆಯ ಚಾವಣಿ ಬೂಷ್ಟು ಹಿಡಿದಿತ್ತು, ಸೀಟಿನಲ್ಲಿ ಇಲಿ ಮರಿ ಹಾಕಿತ್ತು. ಅವ್ವ ಸೆರಗು ಬಿಗಿದು ಎರಡು ದಿನ ತೊಳೆದಳು, ಬ್ಯಾಟರಿ ಹಾಕಿಸಿದಳು, ಮುಂದಿನ ಹ್ಯಾಂಡಲ್ ತಿರುಗಿಸಿದಳು. ಹಿಡಿಯಿತು. ಆ ಸದ್ದು ಅಂಗಡಿಗೆ ಕೇಳಿದ ಹೊತ್ತಿನಿಂದ ದೊಡ್ಡಪ್ಪನಿಗೆ ನಿದ್ದೆಯಿಲ್ಲ. ಸುಳ್ಳು ಹೇಳಿದವನಿಗೆ ಸುಳ್ಳಿನ ಸಾಕ್ಷಿ ದಿನಾ ಹಿತ್ತಲಿನಲ್ಲಿ ನಿಂತಿರಬಾರದು. ದೊಡ್ಡವ್ವ ಜಾರಿ ಬಿದ್ದರೆ ಕಾರಿನ ದೋಷ, ಅಂಗಡಿಯಲ್ಲಿ ವ್ಯಾಪಾರ ಇಳಿದರೆ ಕಾರಿನ ದೋಷ, ನನಗೆ ಜ್ವರ ಬಂದರೂ ಕಾರಿನದೇ ದೋಷ. ಇದು ಮನೆಯಲ್ಲಿರಬಾರದು ಎಂದ.

ಸುದ್ದಿ ಹೇಗೋ ಮೈಸೂರಿಗೆ ಮುಟ್ಟಿ, ಆ ಕಾರಿನ ಹುಚ್ಚಿನವರು ಬಂದರು. ಅವ್ವ ಅವರಿಗೆ ಕಾಫಿ ಕೊಟ್ಟು ಬಾಗಿಲಲ್ಲೇ ನಿಂತಳು. ತನ್ನ ಕೈ ತಪ್ಪಿದರೂ ಕಾರು ಬದುಕುತ್ತದಲ್ಲ ಎಂಬುದಷ್ಟೇ ಅವಳ ಆಸೆ. ದೊಡ್ಡಪ್ಪ ಅವರೆದುರು ಧರ್ಮರಾಯನಾದ.

“ನಮ್ಮನೆ ದೋಷ ನಿಮ್ಮನೆಗೆ ಕಳಿಸಿ ಆ ಪಾಪ ನಾವ್ಯಾಕೆ ಕಟ್ಕೊಳ್ಳೋಣ ಸಾರ್?”

“ಪಾಪ ನನಗಿರ್ಲಿ, ಕಾರು ಕೊಡಿ. ಬೇಕಾದ್ರೆ ನಾನೇ ಶಾಂತಿ ಮಾಡಿಸ್ತೀನಿ. ಇದನ್ನ ಹಾಳು ಮಾಡಿದ್ರೆ ಇನ್ನೊಂದು ತರೋಕೆ ಯಾರಿಗೂ ಆಗಲ್ಲ.”

“ಕರಗಿಸಿಬಿಡ್ಬೇಕು ಅಂತ ಅಯ್ನೋರು ಹೇಳಿದಾರೆ.”

ಅಯ್ನೋರು ಹಾಗೆ ಹೇಳಿರಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಅಪ್ಪ ಅಡಿಕೆ ಕತ್ತರಿಸುತ್ತ ಕೂತಿದ್ದ. ಅವ್ವ ಅವನ ಕಡೆ ನೋಡಿದಳು. ಅಪ್ಪ ಇನ್ನೊಂದು ಅಡಿಕೆ ತೆಗೆದುಕೊಂಡ. ನಾನು ಅಪ್ಪನನ್ನು ಪ್ರೀತಿಸುತ್ತಿದ್ದೆ, ಆದರೆ ಆ ಅಡಿಕೆಯನ್ನು ಇವತ್ತಿಗೂ ಕ್ಷಮಿಸಿಲ್ಲ.

ಭದ್ರಾವತಿಯ ಗುಜರಿಯವನ ಜೊತೆ ಮಾತಾಯಿತು. ಈಗ ಕಾರನ್ನು ಅಲ್ಲಿಗೆ ಸಾಗಿಸುವುದು ಹೇಗೆ? ಕಾರಿನಲ್ಲಿ ಕೆಟ್ಟ ನಕ್ಷತ್ರದ ಸಾವಾಗಿದೆ ಎಂದು ದೊಡ್ಡಪ್ಪನೇ ಊರಿಗೆಲ್ಲ ಸಾರಿದ್ದರಿಂದ ಯಾವ ಡ್ರೈವರೂ ಒಳಗೆ ಕೂರಲು ಒಪ್ಪಲಿಲ್ಲ. ಲಾರಿಯವನೊಬ್ಬ, ನನ್ನ ಲಾರಿಗೆ ಇದರ ಹಗ್ಗ ಕಟ್ಟಬೇಡಿ ಎಂದು ಕೈಮುಗಿದ. ಹೇಳಿ ಹೇಳಿ ದೊಡ್ಡಪ್ಪನಿಗೇ ತನ್ನ ಸುಳ್ಳಿನ ಮೇಲೆ ನಂಬಿಕೆ ಬಂದಿತ್ತು, ಅವನೂ ಹತ್ತಲೊಲ್ಲ. ಕೊನೆಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಆ ಬಾಗಿಲಿಗೆ ಅವನು ಹಾಗೆ ಬಂದು ನಿಂತದ್ದು ಅದೊಂದೇ ಸಲ.

“ಗಿರಿಜಾ, ನೀನೇ ಹೊಡ್ಕೊಂಡು ಬರ್ಬೇಕು. ನಿಂಗೆ ಹೆಂಗೂ ತಗಲಿದೆ.”

ಅವ್ವ ಹಿಟ್ಟಿನ ಕೈ ತೊಳೆದುಕೊಂಡಳು. “ಬರ್ತೀನಿ ಭಾವ. ಮಗಳೂ ಬರ್ತಾಳೆ.”

“ಮಗು ಕೂರಬಾರ್ದು ಅದರಲ್ಲಿ.”

“ಅವತ್ತೂ ಕೂತಿದ್ದಳು. ಏನಾಗಿದೆ ಅವಳಿಗೆ?”

ಅವ್ವ ಹೊಸ ಸೀರೆ ಉಟ್ಟಳು, ಹೂ ಮುಡಿದಳು. ಅಜ್ಜಿ ಬಾಗಿಲಿಗೆ ಬರಲಿಲ್ಲ. ದೊಡ್ಡಪ್ಪ ಸ್ಕೂಟರಿನಲ್ಲಿ ಮುಂದೆ ಹೊರಟ. ತುಂಗಾ ಸೇತುವೆ ದಾಟಿ ಭದ್ರಾವತಿಯ ರಸ್ತೆ ಹಿಡಿದಾಗ ಗಾಳಿಗೆ ಅವ್ವನ ಸೆರಗು ಹಾರುತ್ತಿತ್ತು. ಕಾರು ಅಷ್ಟು ಚೆನ್ನಾಗಿ ಯಾವತ್ತೂ ಓಡಿರಲಿಲ್ಲ. ನಾನು ಮುಂದೆ, ಅಜ್ಜ ಕೂರುತ್ತಿದ್ದ ಜಾಗದಲ್ಲಿದ್ದೆ. ಭದ್ರಾವತಿಯಲ್ಲಿ ಗುಜರಿಯ ಗೇಟಿನೆದುರು ದೊಡ್ಡಪ್ಪ ಸ್ಕೂಟರು ನಿಲ್ಲಿಸಿ ಕೈ ಅಡ್ಡ ಮಾಡಿದ. ಅವ್ವ ನಿಲ್ಲಿಸಲಿಲ್ಲ. ಅವನ ಕೈಯ ಪಕ್ಕದಿಂದಲೇ ಹಾದು, ಊರು ದಾಟಿ, ಕಾಗದನಗರಕ್ಕೆ ತಿರುಗಿಸಿದಳು. ಕಾಗದದ ಕಾರ್ಖಾನೆಯ ನಾತ ಮೂಗಿಗೆ ಬಡಿಯಿತು. ಕ್ವಾರ್ಟರ್ಸುಗಳ ಸಾಲು ಸಾಲು ಬೀದಿಗಳಲ್ಲಿ ಮೆಲ್ಲಗೆ ಹೋದೆವು. ಹೆಂಗಸರು ಕೈಯಲ್ಲಿದ್ದ ಮೊರ, ಬಟ್ಟೆ ಹಾಗೇ ಹಿಡಿದುಕೊಂಡು ಗೇಟಿಗೆ ಬಂದು, ಹೂ ಮುಡಿದು ಕಾರು ಹೊಡೆಯುವ ಹೆಂಗಸನ್ನು ನೋಡಿದರು. ಒಬ್ಬಳು ಕೈಬೀಸಿದಳು, ಅವ್ವ ಹಾರ್ನು ಹೊಡೆದಳು. ಕೊನೆಯ ಬೀದಿಯ ತುದಿಯಲ್ಲಿ ನಿಲ್ಲಿಸಿ, ಎಂಜಿನ್ ಆರಿಸದೆ ನನ್ನ ಕಡೆ ತಿರುಗಿದಳು.

“ಅಜ್ಜ ಎಲ್ಲಿ ಹೋದ್ರು?”

“ದೇವರಮನೇಲಿ.”

“ನಾನು ಗಾಡಿ ಹೆಂಗೆ ಹೊಡೆದೆ ಅವತ್ತು?”

“ಜೋರಾಗಿ.”

“ನಿಂಗೆ ಗೊತ್ತಿದ್ರೆ ಸಾಕು.”

ನಾನು ಅಳುತ್ತ, ಇಲ್ಲಿಂದ ಹೋಗಿಬಿಡೋಣ ಅವ್ವ, ತರೀಕೆರೆ ಅಜ್ಜಿ ಮನೆಗೆ ಹೋಗೋಣ ಎಂದೆ. ಅವಳ ತವರು ಅದು. ಅವ್ವ ಬೆರಳಿನಿಂದ ಪೆಟ್ರೋಲಿನ ಮುಳ್ಳು ತೋರಿಸಿದಳು. ಅದು ತಳಕ್ಕೆ ತಾಗಿತ್ತು.

“ನಿನ್ನ ದೊಡ್ಡಪ್ಪ ಅಳೆದು ಹಾಕಿದಾರೆ.”

ಗುಜರಿಯವನು ತಮಿಳಿನವನು. ಕಾರು ಒಳಗೆ ಬರುವ ಸದ್ದಿಗೇ ಎದ್ದುಬಂದು ಸುತ್ತ ಒಂದು ಸುತ್ತು ಹಾಕಿದ. “ಓಡೋ ವಂಡಿ ಸಾರ್ ಇದು. ಕತ್ತರಿಸೋದು ಯಾಕೆ? ನಂಗೆ ಇಂಗೇ ಬಿಡಿ, ಬೆಂಗಳೂರು ಪಾರ್ಟಿ ಇದಾರೆ,” ಎಂದ. ದೊಡ್ಡಪ್ಪ ಒಪ್ಪಲಿಲ್ಲ. ನನ್ನ ಕಣ್ಣೆದುರಿಗೇ ಕತ್ತರಿಸು, ಆಮೇಲೆ ಹೋಗ್ತೀನಿ ಎಂದು ಸ್ಟೂಲು ಎಳೆದುಕೊಂಡು ಕೂತ. ಗ್ಯಾಸ್ ಕಟ್ಟರಿನ ನೀಲಿ ಬೆಂಕಿ ಮೊದಲು ಬಾನೆಟ್ಟಿಗೆ ತಾಗಿತು, ಅಜ್ಜ ವಿಭೂತಿ ಹಚ್ಚುತ್ತಿದ್ದ ಜಾಗಕ್ಕೆ. ಕೆನೆ ಬಣ್ಣ ಗುಳ್ಳೆಯೆದ್ದು ಕಪ್ಪಾಯಿತು. ತಗಡಿನೊಳಗಿನ ಮರಕ್ಕೆ ಕಿಡಿ ಬಿದ್ದು ಹೊತ್ತಿಕೊಂಡಾಗ ಬಕೆಟ್ಟಿನಲ್ಲಿ ನೀರು ಎರಚಿದರು. ಹಿಂದಿನ ಸೀಟನ್ನು ಎಳೆದು ಎಸೆದರು, ಒಳಗಿನ ನಾರು ಹೊರಗೆ ಬಂತು. ಅವ್ವ ನನ್ನ ಕೈ ಹಿಡಿದು ನಿಂತೇ ಇದ್ದಳು. ನಾನು ಕಣ್ಣು ಮುಚ್ಚಿಕೊಂಡರೆ ಕೈ ಅದುಮಿ, ನೋಡು ಎಂದಳು. ಕೆಲಸ ಮುಗಿದ ಮೇಲೆ ಗುಜರಿಯವನು ಸ್ಟಿಯರಿಂಗ್ ಚಕ್ರ ಹಿಡಿದುಕೊಂಡು ಬಂದ.

“ನೆನಪಿಗೆ ಇಟ್ಕೋತೀರಾ ಅಮ್ಮ?”

“ಅದನ್ನೂ ಹಾಕು,” ಎಂದಳು ಅವ್ವ.

ನಾವಿಬ್ಬರೂ ಬಸ್ಸಿನಲ್ಲಿ ವಾಪಸು ಬಂದೆವು. ಮುಂದೆ ಪಾಲಾದಾಗ ಕೋಟೆಯ ಮನೆ, ಅಂಗಡಿ ದೊಡ್ಡಪ್ಪನಿಗೆ ಹೋದವು, ಈಗ ವಿಜಯ ಇರುವುದು ಅಲ್ಲೇ. ನಾವು ಸವಳಂಗ ರಸ್ತೆಯ ಕಡೆ ಮನೆ ಕಟ್ಟಿಕೊಂಡೆವು. ಅಪ್ಪ ಎಷ್ಟೋ ವರ್ಷದ ಮೇಲೆ ಒಂದು ಕಾರು ಕೊಂಡು ಕೀಲಿಕೈಯನ್ನು ಅವ್ವನ ಮುಂದೆ ಹಿಡಿದ. ಅವ್ವ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ, ನಂಗೆ ಬರಲ್ಲ ಎಂದಳು. ಆಮೇಲೆ ಯಾರು ಕೇಳಿದರೂ ಅದೇ ಮಾತು. ನಿಜ ಏನೆಂದು ಊರಿಗೆ ಹೇಳಿಬಿಡುತ್ತೇನೆ ಎಂದು ನಾನು ಹಾರಾಡಿದಾಗಲೆಲ್ಲ, ಅಜ್ಜಿ ಇರೋತನಕ ಬೇಡ ಎನ್ನುತ್ತಿದ್ದಳು. ಅಜ್ಜಿ ಹೋದ ಮೇಲೆ, ಇನ್ನು ಯಾರಿಗೆ ಹೇಳಿ ಏನಾಗ್ಬೇಕು ಎಂದಳು. ಈಗ ಅಪ್ಪ ಇಲ್ಲ, ದೊಡ್ಡಪ್ಪ, ದೊಡ್ಡವ್ವ ಇಲ್ಲ. ನಾನೇ ಕಾರು ಹೊಡೆಯುತ್ತೇನೆ, ಎಂಬತ್ತು ದಾಟಿದ ಅವ್ವ ಪಕ್ಕದಲ್ಲಿ ಕೂರುತ್ತಾಳೆ. ನಾನು ಗೇರ್ ಬದಲಿಸಿದಾಗಲೆಲ್ಲ ಸೀರೆಯೊಳಗೆ ಅವಳ ಎಡಗಾಲು ಎರಡು ಸಲ ಅದುಮುತ್ತದೆ. ಅದು ಅವಳಿಗೆ ಗೊತ್ತಿಲ್ಲ. ನಾನು ಹೇಳಿಲ್ಲ.

ಹೋಟೆಲಿನ ಆರಂಭಕ್ಕೆ ವಿಜಯನೇ ಬಂದು ಅವ್ವನನ್ನು ಕರೆದಿದ್ದ. ಅವಳಿಗೆ ಶಾಲು ಹೊದಿಸಿ, ಆ ಕತ್ತರಿಸಿದ ಸೋಫಾದಲ್ಲಿ ಕೂರಿಸಿದರು. ಅವ್ವ ಮೆತ್ತೆ ಸವರಿ, ಬಗ್ಗಿ ಅಂಚಿನ ಸ್ಟೀಲ್ ಪಟ್ಟಿ ಮುಟ್ಟಿ ನೋಡಿದಳು. ಇದರ ಮುಂದಿನ ಭಾಗ ಎಲ್ಲಪ್ಪ ಎಂದು ಕೇಳಿದಳು. ವಿಜಯನಿಗೆ ಕೇಳಿಸಲಿಲ್ಲ, ಅವನು ಮೈಕು ಹಿಡಿದಿದ್ದ.

“ನಮ್ಮಜ್ಜ ಎಂಥ ಕಾರು ಪ್ರೇಮಿ ಅಂದ್ರೆ, ಪ್ರಾಣ ಬಿಟ್ಟಿದ್ದೂ ಆ ಕಾರಲ್ಲೇ. ಅವತ್ತು ಹೊಡೆದಿದ್ದು ನಮ್ಮ ಚಿಕ್ಕವ್ವ. ಸ್ವಲ್ಪ ನಿಧಾನ ಆಯ್ತು ಅಂತಾರೆ. ಪಾಪ, ಹೆಂಗಸರು, ಏನ್ ಮಾಡ್ತೀರಿ.”

ಜನ ನಕ್ಕರು. ನಾನು ಎದ್ದುನಿಂತೆ, ಆದರೆ ಅವ್ವ ನನಗಿಂತ ಮೊದಲು ಮಾತಾಡಿದಳು.

“ಕಾರಲ್ಲಲ್ಲ ವಿಜಯ. ದೇವರಮನೇಲಿ.”

“ಯಾವ ದೇವರಮನೆ ಚಿಕ್ಕವ್ವ?”

“ನೀನು ದಿನಾ ಪೂಜೆ ಮಾಡ್ತೀಯಲ್ಲ, ಅದೇ. ನಿಮ್ಮಜ್ಜಿನೇ ಕಣ್ಣು ಮುಚ್ಚಿದ್ದು. ಅಂಗಡಿ ಮುಚ್ಚಬೇಕಾಗುತ್ತೆ ಅಂತ ನಿಮ್ಮಪ್ಪ ಕಾರಿನ ತಲೆಗೆ ಕಟ್ಟಿದ್ರು. ಇವಳೂ ನೋಡಿದಾಳೆ.”

ನಾನು ನೋಡಿದ್ದೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಐವತ್ತು ವರ್ಷ ಹೊತ್ತ ಸುಳ್ಳನ್ನು ಮುದುಕಿಯೊಬ್ಬಳು ತಲೆಯಿಂದ ಕೆಳಗಿಳಿಸಿದ್ದಳು. ಒಬ್ಬನಾದರೂ, ಅಯ್ಯೋ, ನಿಮಗೆಂಥ ಅನ್ಯಾಯವಾಯಿತು ಎನ್ನಬಹುದೆಂದು ಕಾದೆ. ವಿಜಯನೂ ಅವನ ಹೆಂಡತಿಯೂ ಮುಖ ಮುಖ ನೋಡಿಕೊಂಡರು. ಆಮೇಲೆ ಅವನು ಮೈಕು ಕೆಳಗಿಟ್ಟು, ಸೋಫಾದ ಬಳಿ ಕುಕ್ಕುರು ಕೂತು, ಅವ್ವನ ಕಿವಿಯ ಹತ್ತಿರ ಕೇಳಿದ:

“ಹಂಗಾದ್ರೆ ಮನೆಗೆ ಶಾಂತಿನೇ ಆಗಿಲ್ವಾ ಚಿಕ್ಕವ್ವ?”

ಅವ್ವ ಹೊದಿಸಿದ್ದ ಶಾಲು ತೆಗೆದು ಮಡಚಿದಳು. “ಆಗಿಲ್ಲಪ್ಪ. ಆರು ತಿಂಗಳು ಬಿಡಬೇಕಿತ್ತು, ಬಿಡಲಿಲ್ಲ.”

ಅವರ ಅಯ್ನೋರು ಏನು ಹೇಳಿದರೋ ನನಗೆ ತಿಳಿಯದು. ಎರಡು ವಾರದೊಳಗೆ ವಿಜಯ ಸಂಸಾರ ಸಮೇತ ಬಾಡಿಗೆ ಮನೆಗೆ ಹೋದನೆಂದು, ಅಂಗಡಿಯ ಷಟರ್ ಇಳಿಯಿತೆಂದು ಸುದ್ದಿ ಬಂತು. ಅವ್ವ ಸೀರೆ ಬದಲಿಸಿ ಬಂದು, ಕೋಟೆ ಕಡೆ ಹೋಗಿ ಬರೋಣ ಎಂದಳು. ಮನೆಯೆದುರು ಕಾರು ನಿಲ್ಲಿಸಿದೆ. ಬೀಗ ಹಾಕಿದ ಬಾಗಿಲಿಗೆ ಅಡ್ಡಡ್ಡ ಜಾಲಿಯ ಕಂಟಿ ಕಟ್ಟಿದ್ದರು. ಪೇಟೆಯ ಹುಡುಗರು, ಮುಳ್ಳು ಚುಚ್ಚೀತೆಂದು ಸಡಿಲ ಕಟ್ಟಿದ್ದರು, ಒಂದು ಕಂಟಿ ಜೋತಾಡುತ್ತಿತ್ತು. ಅವ್ವ ಗಾಜು ಇಳಿಸಿ ನೋಡಿದಳು.

“ನೆಟ್ಟಗೆ ಕಟ್ಟಿಲ್ಲ,” ಎಂದಳು.

ನಾನು ಕಾರು ಹೊರಡಿಸಿದೆ. ಅವಳ ಎಡಗಾಲು ಎರಡು ಸಲ ಅದುಮಿತು. ಬೀದಿ ತಿರುಗಿದ ಮೇಲೆ ದಾರಿಯನ್ನೇ ನೋಡುತ್ತ ಹೇಳಿದಳು:

“ಅವತ್ತು ನಾನು ನಿಧಾನ ಹೊಡೆದಿರಲಿಲ್ಲ ಕಣೆ.”

“ಗೊತ್ತವ್ವ,” ಎಂದೆ. “ನಾನು ಹಿಂದೆ ಕೂತಿದ್ದೆ.”